ಸಾಹೇಬರಿಗೆ ಸಲಾಮು

ಬೆಕ್ಕಿಗೆ ಸಲಾಮು ಹೊಡೆಯುವ ಹೆಂಗಸು ತಾನಲ್ಲ ಎಂದು ಲಾಂಡ್ರಿಯಮ್ಮ ಊರಿಗೆಲ್ಲ ಹೇಳಿಯಾಗಿತ್ತು. ವಿಮಾನದಲ್ಲಿ ಕೂತು ಅಳುವ ಹೆಂಗಸೂ ಅಲ್ಲ. ಮಗಳಿಗೆ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: "ನನ್ನ ಬಾಯಿಂದಾಗ್ಲಿ, ನಿಮ್ಮಪ್ಪನ ಬೆಕ್ಕಿನ ಬಾಯಿಂದಾಗ್ಲಿ, ಒಂದು ಸದ್ದೂ ಬರಲ್ಲ. ನೀನು ಅಲ್ಲಿ ಬಂದು ನಿಂತಿರು, ಸಾಕು."

ಬೆಕ್ಕು ಅವಳದಲ್ಲ, ಗಂಡನದು. ಅವನು ಒಂದು ಕಂಪನಿಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದ. ಜನ್ಮವಿಡೀ ಕಾರುಗಳಿಗೆ ಸಲಾಮು ಹೊಡೆದ. ಒಂದು ಕಾರೂ ತಿರುಗಿ ನೋಡಲಿಲ್ಲ. ಒಮ್ಮೆ ಗೇಟಿನ ಸಂದಿಯಿಂದ ನುಸುಳಿ ಬಂದ ಬೂದು ಬಣ್ಣದ ಮರಿಗೂ ಅಭ್ಯಾಸಬಲದಿಂದ ಕೈ ಎತ್ತಿಬಿಟ್ಟ. ಮರಿ ನಿಂತಿತು, ಅವನ ಮುಖ ನೋಡಿತು, ಮ್ಯಾಂವ್ ಎಂದಿತು. ಅಷ್ಟು ಮರ್ಯಾದೆ ಅವನಿಗೆ ಯಾರೂ ಕೊಟ್ಟಿರಲಿಲ್ಲ. ಮನೆಗೆ ತಂದು 'ಸಾಹೇಬ' ಎಂದು ಹೆಸರಿಟ್ಟ. ಅಂದಿನಿಂದ ಸಾಹೇಬರು ಕಪಾಟಿನ ಮೇಲೇ ಇರಲಿ, ಪಕ್ಕದ ಮನೆಯ ತಾರಸಿಯ ಮೇಲೇ ಇರಲಿ, ಅವನು ಹಿಮ್ಮಡಿ ಕೂಡಿಸಿ ಸಲಾಮು ಹೊಡೆದು "ಸಾಹೇಬ್ರೇ, ದಯಮಾಡ್ಸಿ" ಎಂದರೆ ಮಾತ್ರ ಇಳಿಯುತ್ತಿದ್ದರು.

ಅವನು ತೀರಿಕೊಂಡ ಮೇಲೆ ಲಾಂಡ್ರಿಯಮ್ಮ ಅದನ್ನು ಪೊರಕೆಯಿಂದ ಇಳಿಸುತ್ತಿದ್ದಳು. ಹೊರದೇಶದಲ್ಲಿ ನರ್ಸ್ ಆಗಿದ್ದ ಮಗಳು "ಇಲ್ಲಿಗೇ ಬಂದ್ಬಿಡಮ್ಮ" ಎಂದಾಗ ಅವಳು ಕೇಳಿದ್ದು ಒಂದೇ ಮಾತು, "ಬೆಕ್ಕು?" ಗಂಡ ಆ ಮನೆಯಲ್ಲಿ ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಅದೊಂದೇ ಎಂದು ಬಾಯಿಬಿಟ್ಟು ಹೇಳಲಿಲ್ಲ. "ಬಿಟ್ಟು ಬಂದ್ರೆ ಓಣಿಯವರು ಆಡ್ಕೋತಾರೆ" ಎಂದಳು.

ಹೊರಡುವ ದಿನ ನಾದಿನಿ ಬಂದಳು. ಬೆಕ್ಕಿನ ಬುಟ್ಟಿಯಲ್ಲಿ ಹಾಸಿದ್ದನ್ನು ನೋಡಿ ಹುಬ್ಬೇರಿಸಿದಳು.

"ಅತ್ತಿಗೆ, ಇದು ಅಣ್ಣನ ಸ್ವೆಟರ್ ಅಲ್ವಾ? ನೀವೇ ಹೆಣೆದದ್ದು."

"ಡಾಕ್ಟ್ರು ಹೇಳಿದ್ದು. ಪರಿಚಯದ ವಾಸನೆ ಇದ್ರೆ ಬೆಕ್ಕು ಹೆದರಲ್ವಂತೆ."

"ಕೊನೇ ದಾರಕ್ಕೆ ಇನ್ನೂ ಗಂಟೇ ಹಾಕಿಲ್ಲ."

"ನಿಮ್ಮಣ್ಣ ಬಿಚ್ಚಿಕೊಟ್ಟಿದ್ರೆ ಹಾಕ್ತಿದ್ದೆ. ಚಳಿ ಅಂತ ಹಾಕ್ಕೊಂಡೋರು ಬಿಚ್ಚಿದ್ರಾ? ತುದೀನ ಒಳಗೆ ಸಿಕ್ಕಿಸ್ಕೊಂಡೇ ಜೀವಮಾನ ಕಳೆದ್ರು."

"ದಾರೀಲಿ ಬೆಕ್ಕು ತಪ್ಪಿಸ್ಕೊಂಡ್ರೆ?"

"ಆಸ್ಪತ್ರೆ ಲಾಂಡ್ರೀಲಿ ಬೆಟ್ಟದಷ್ಟು ಚಾದರ ಮಡಚಿದ ಕೈ ಕಣೇ ಇದು. ಒಂದು ಬೆಕ್ಕನ್ನ ಮಡಚಕ್ಕಾಗಲ್ವಾ?"

"ಸಲಾಮು ಹೊಡೆದ್ರೆ ಬರತ್ತೆ, ನೆನಪಿರ್ಲಿ."

"ಹೊಡೀತೀನಿ, ಪೊರಕೇಲಿ."

ವಿಮಾನ ನಿಲ್ದಾಣದವರೆಗೂ ಸಾಹೇಬರು ಸ್ವೆಟರಿನಲ್ಲಿ ಮುಖ ಹುದುಗಿಸಿ ನಿದ್ದೆ ಹೊಡೆದರು. ಲಾಂಡ್ರಿಯಮ್ಮ ರಾಜ್ಯ ಗೆದ್ದವಳಂತೆ ಸಾಲಿನಲ್ಲಿ ನಿಂತಳು. ತಪಾಸಣೆಯ ಜಾಗದಲ್ಲಿ ಮೀಸೆಯ ಕಾವಲುಗಾರನೊಬ್ಬ ತಡೆದ.

"ಅಮ್ಮಾ, ಚಪ್ಪಲಿ ಬಿಡಿ. ಬುಟ್ಟಿ ಮಷಿನ್ನಲ್ಲಿ ಹೋಗ್ಬೇಕು. ಬೆಕ್ಕನ್ನ ಎತ್ಕೊಳ್ಳಿ."

"ಅದು ಮಲಗಿದೆ."

"ಎಬ್ಬಿಸಿ."

"ಮಲಗಿದ್ದನ್ನ ಎಬ್ಬಿಸಿದ್ರೆ ಅದಕ್ಕೆ ಆಗಲ್ಲ, ಸ್ವಾಮಿ."

"ನನಗೂ ಆಗಲ್ಲಮ್ಮ. ಆದ್ರೂ ದಿನಾ ಎದ್ದು ಡ್ಯೂಟಿಗೆ ಬರ್ತೀನಿ. ಎತ್ತಿ."

ಹಿಂದಿನವರು ಕೆಮ್ಮಿದರು. ಅವಳು ಬೆಕ್ಕನ್ನು ಎತ್ತಿದಳು. ಸ್ವೆಟರೂ ಜೊತೆಗೇ ಬಂತು. ಸಾಹೇಬರು ಉಗುರು ಊರಿ ಹಿಡಿದಿದ್ದರು. ಒಂದು ಕೈಯಲ್ಲಿ ಬೆಕ್ಕು, ಇನ್ನೊಂದು ಕೈಯಲ್ಲಿ ಸ್ವೆಟರು, ಮಡಚುವುದು ಎಲ್ಲಿಂದ ಬಂತು? ಜೋರಾಗಿ ಎಳೆದಳು. ಸ್ವೆಟರು ಅವಳ ಕೈಯಲ್ಲಿ ಉಳಿಯಿತು. ಸಾಹೇಬರು ಎಗರಿದರು, ಉಗುರಿಗೆ ಸಿಕ್ಕ ಆ ಗಂಟಿಲ್ಲದ ದಾರದ ಸಮೇತ.

ಮುಂದೆ ನಡೆದದ್ದನ್ನು ಯುದ್ಧ ಎನ್ನಬೇಕು. ದಾರ ಬೆಂಚಿನ ಕೆಳಗೆ ಹೋಯಿತು, ಕಂಬ ಸುತ್ತಿತು, ಬೆಲ್ಟು ಬಿಚ್ಚುತ್ತಿದ್ದ ದಪ್ಪ ಮನುಷ್ಯನೊಬ್ಬನ ಕಾಲಿಗೆ ತೊಡರಿ ಅವನು ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಣಿಯುವಂತಾಯಿತು. ಯಾರದೋ ಸೂಟ್‌ಕೇಸಿನ ಚಕ್ರ ಮೊಳಗಟ್ಟಲೆ ನುಂಗಿತು. ಲಾಂಡ್ರಿಯಮ್ಮ ಬರಿಗಾಲಲ್ಲಿ ದಾರವನ್ನು ಅಂಗೈಗೆ ಸುತ್ತಿಕೊಳ್ಳುತ್ತಾ ಹಿಂದೆ ಓಡಿದಳು. "ಯಾರೂ ಹರೀಬೇಡಿ, ಹರೀಬೇಡಿ" ಎನ್ನುತ್ತಿದ್ದಳು. ಕಂಕುಳಲ್ಲಿದ್ದ ಸ್ವೆಟರಿನ ಹೊಟ್ಟೆ ಹೋಯಿತು. ಎದೆಯೂ ಹೋಯಿತು.

ದಾರ ಮುಗಿದ ಕಡೆ ತಂಪು ಪಾನೀಯದ ಯಂತ್ರವಿತ್ತು. ಅದರ ನೆತ್ತಿಯ ಮೇಲೆ ಸಾಹೇಬರು ವಿರಾಜಮಾನರಾಗಿದ್ದರು.

ಒಬ್ಬರು ಪುಸ್ ಪುಸ್ ಎಂದರು. ಒಬ್ಬರು ಬಿಸ್ಕತ್ತು ತೋರಿಸಿದರು. ಕಾವಲುಗಾರ ಕುರ್ಚಿ ಹತ್ತಿದ. ಸಾಹೇಬರು ಅವನ ಮೀಸೆಗೆ ಗುರಿಯಿಟ್ಟು ಪಂಜ ಬೀಸಿದರು. ಅವಳ ವಿಮಾನದ ಬಾಗಿಲು ಇನ್ನೇನು ಮುಚ್ಚುತ್ತದೆ ಎಂದು ಮೈಕಿನಲ್ಲಿ ಕೂಗಿದರು.

"ಅಮ್ಮಾ, ನೀವು ಹೊರಡಿ. ಬೆಕ್ಕನ್ನ ನಾವು ನೋಡ್ಕೋತೀವಿ."

"ಅದು ಬರದಿದ್ರೆ ನಾನೂ ಹೋಗಲ್ಲ."

"ಹಾಗಾದ್ರೆ ಇಳಿಸಿ. ಹೇಗೆ ಇಳಿಯುತ್ತೆ ಇದು?"

ಲಾಂಡ್ರಿಯಮ್ಮ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಪೊರಕೆ ಎಲ್ಲೂ ಕಾಣಲಿಲ್ಲ. ಸೆರಗು ಸರಿಮಾಡಿಕೊಂಡಳು. ಬರಿಗಾಲ ಹಿಮ್ಮಡಿ ಕೂಡಿಸಿದಳು. ದಾರ ಸುತ್ತಿದ ಕೈಯನ್ನು ಹಣೆಗೆ ಎತ್ತಿದಳು.

"ಸಾಹೇಬ್ರೇ, ದಯಮಾಡ್ಸಿ."

ಕುರ್ಚಿಯ ಮೇಲಿದ್ದ ಕಾವಲುಗಾರ ಸೆಟೆದು ನಿಂತು ತಿರುಗಿ ಸಲಾಮು ಹೊಡೆದ. ಸಾಹೇಬರು ಒಂದು ಕ್ಷಣ ಯೋಚಿಸಿ, ಅವನ ಭುಜದ ಮೇಲೆ ಕಾಲಿಟ್ಟು, ಅವಳ ತೋಳಿಗೆ ಇಳಿದರು.

ಕಾವಲುಗಾರನೇ ಬುಟ್ಟಿ ಹೊತ್ತು ವಿಮಾನದ ಬಾಗಿಲವರೆಗೆ ಬಂದ. "ಇಷ್ಟು ವರ್ಷ ಎಲ್ರಿಗೂ ನಾನೇ ಹೊಡೆದಿದ್ದಮ್ಮ. ನನಗೆ ಅಂತ ಯಾರೂ ಹೊಡೆದಿರಲಿಲ್ಲ."

ಅದು ಬೆಕ್ಕಿಗೆ ಹೊಡೆದದ್ದು ಎಂದು ಹೇಳಲು ಲಾಂಡ್ರಿಯಮ್ಮನಿಗೆ ನಾಲಿಗೆ ಬರಲಿಲ್ಲ. "ಇರ್ಲಿ ಬಿಡಿ ಸ್ವಾಮಿ" ಎಂದಳು.

ಸೀಟಿನಲ್ಲಿ ಕೂತು ನೋಡಿದರೆ, ಸ್ವೆಟರಿನಲ್ಲಿ ಉಳಿದದ್ದು ಒಂದು ತೋಳು. ಅದರ ತುದಿಗೆ ಗಂಟು ಹಾಕಿದಳು. ಬಿಚ್ಚಿಕೊಡಲ್ಲ ಎನ್ನಲು ಈಗ ಯಾರೂ ಇರಲಿಲ್ಲ. ಗಂಟು ಬಿಗಿಯಾಯಿತು.

ಆಚೆ ದಡದಲ್ಲಿ ಮಗಳು ಬಂದು ನಿಂತಿದ್ದಳು. ಅಮ್ಮನ ಊದಿದ ಕಣ್ಣು ನೋಡಿ ಬುಟ್ಟಿಗೆ ಕೈಹಾಕಿದಳು. "ಬೆಕ್ಕು ತುಂಬಾ ಗೋಳುಹೊಯ್ಕೊಳ್ತಾ ಅಮ್ಮ?"

ಲಾಂಡ್ರಿಯಮ್ಮ ಬಾಯಿ ತೆರೆಯುವಷ್ಟರಲ್ಲಿ, ವಿಮಾನದಲ್ಲಿ ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿದ್ದ ಅಜ್ಜಿ ಹಿಂದಿನಿಂದ ಬಂದಳು.

"ಬೆಕ್ಕು ಬಂಗಾರ ಕಣಮ್ಮ, ಉಸಿರೆತ್ತಲಿಲ್ಲ. ಮುಂದಿನ ಸಲ ಅದಕ್ಕೆ ಸೀಟು ಕೊಡ್ಸು. ನಿಮ್ಮಮ್ಮನ್ನ ಬುಟ್ಟೀಲಿ ಹಾಕು."