ಲಾರಿ ಮೂತಿಗೆ ಎರಡು ಫ್ಯಾನು

ಚಿಕ್ಕತಾಯಮ್ಮ: ಒಂದಲ್ಲ, ಎರಡು ಫ್ಯಾನು! ಅದೂ ಲಾರಿ ಮೂತಿಗ! ಕಟ್ಕಂಡೋಳು ಸೆಕ ಅಂದ್ರ ಮೊರದಲ್ಲಿ ಬೀಸ್ಕ ಅಂದೆ ನೀನು. ಆ ಮೊರನೂ ನಮ್ಮವ್ವ ಕೊಟ್ಟದ್ದು.

ಮಲ್ಲಯ್ಯ: ನೀನು ಒಲೆ ಮುಂದ ಕೂತ್ಕಂಡು ಕುದೀತೀಯ. ಅದು ಲೋಡು ಒತ್ಕಂಡು ದಿಂಬಂ ಗಾಟಿಲಿ ಕುದೀತದ ಕಣಮ್ಮಿ!

ಚಿಕ್ಕತಾಯಮ್ಮ: ಕುದ್ರೂ ನಾನು ದಾರಿ ಮಧ್ಯ ನಿಂತ್ಕಂಡಿಲ್ಲ. ನಿನ್ನ ಲಾರಿ ತಿರುವ್ಗೊಂದು ಸಲ ನಿಂತ್ಕಂಡು ನೀರು ಕೇಳ್ತದ, ಬಸುರಿ ಎಂಗ್ಸಿನಂಗ.

ತಿಗನಾರೆಯ ಮಲ್ಲಯ್ಯನ ಮನೆ ಮುಂದೆ ಲಾರಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಎಂಜಿನ್ನಿನ ಹಳೇ ಫ್ಯಾನಿನ ರೆಕ್ಕೆ ಸೀಳಿ, ಹೋದ ವಾರ ರೇಡಿಯೇಟರ್ ಕುದ್ದು, ಊರಿನ ಸಹಕಾರ ಸಂಘದ ಗೊಬ್ಬರದ ಲೋಡು ಘಾಟಿಯಲ್ಲೇ ಉಳಿದುಹೋಗಿತ್ತು. ನಾಳೆ ಸತ್ಯಮಂಗಲದಿಂದ ಇನ್ನೊಂದು ಲೋಡು ತರಬೇಕು. ಇದೂ ನಡುದಾರಿಯಲ್ಲಿ ನಿಂತರೆ ಇನ್ನು ಮೇಲೆ ಬಾಡಿಗೆಯೆಲ್ಲ ನಂಜಪ್ಪನ ಲಾರಿಗೇ ಎಂದು ಸಂಘದವರು ಹೇಳಿಬಿಟ್ಟಿದ್ದರು. ಅದಕ್ಕೇ ಕೊಯಮತ್ತೂರಿನ ಗುಜರಿಯಿಂದ ಬಂದ ಈ ಕರೆಂಟ್ ಫ್ಯಾನುಗಳು. ಅದಕ್ಕೇ ಗ್ರಿಲ್ಲಿನೊಳಗೆ ತಲೆ ತೂರಿಸಿಕೊಂಡಿರುವ ಪುಟ್ಟಮಾದ. ಅವನ ಕಸುಬು ಬಾವಿ ಮೋಟರಿಗೆ ತಂತಿ ಸುತ್ತಿ ಕಾಯಿಲು ಕಟ್ಟುವುದು. ಲಾರಿ ಮುಟ್ಟಿದ್ದು ಇದೇ ಮೊದಲು.

ಪುಟ್ಟಮಾದ: ಆಯ್ತು ಕಣಣ್ಣ. ಸ್ವಿಚ್ಚು ಆಕು.

ಫ್ಯಾನು ತಿರುಗಿತು. ಗ್ರಿಲ್ಲಿನಲ್ಲಿ ವರ್ಷಗಟ್ಟಲೆ ಕೂತಿದ್ದ ಧೂಳು, ಸತ್ತ ಚಿಟ್ಟೆ, ಒಂದು ಕೋಳಿ ಪುಕ್ಕ ಎಲ್ಲವೂ ಎದುರಿಗಿದ್ದ ಚಿಕ್ಕತಾಯಮ್ಮನ ಮುಖಕ್ಕೆ ರಾಚಿದವು.

ಚಿಕ್ಕತಾಯಮ್ಮ: ಥೂ! ಥೂ!

ಮಲ್ಲಯ್ಯ: ಲೇ ಮಾದ, ಗಾಳಿ ಯಾಕ್ಲಾ ಈಚ್ಗ ಬತ್ತದ? ಒಳಕ್ಕ ಓಗ್ಬೇಕು ಕಣ್ಲಾ!

ಪುಟ್ಟಮಾದ: ಕಾವು ಎಲ್ಲದ? ಒಳಗ. ಎಲ್ಗ ಓಗ್ಬೇಕು? ಆಚ್ಗ. ತಳ್ತಾ ಅದಲ್ಲ, ಇನ್ನೇನು?

ಮಲ್ಲಯ್ಯ: ಲಾರಿ ಮುಂದಕ ಓಯ್ತಿದ್ರ ಎದುರುಗಾಳಿ ಒಳಕ್ಕ ನುಗ್ತದ. ನಿನ್ನ ಫ್ಯಾನು ಅದ್ನ ಆಚ್ಗ ನೂಕ್ತದ. ಗಾಟಿ ತಿರುವ್ನಲ್ಲಿ ಎರಡು ಬಸ್ಸು ಎದುರಾದಂಗ, ಯಾವ್ದೂ ಇಂದಕ ಸರಿಯದಿಲ್ಲ. ನಡುವ ನನ್ನ ರೇಡಿಯೇಟ್ರು ಬೇಯ್ತದ!

ಪುಟ್ಟಮಾದ: ಮೋಟ್ರು ತಿರುಗ್ತಾ? ತಿರುಗ್ತು. ಬಾವಿ ಮೋಟ್ರು ಉಲ್ಟಾ ತಿರುಗಿದ್ರೂ ಜನ ನಂಗ ಕಾಪಿ ಕೊಡ್ತರ. ನೀನು ಬಯ್ತೀಯ.

ಮಲ್ಲಯ್ಯ: ಬೇಗ ಎದ್ದೋಗ್ಲಿ ಅಂತ ಕೊಡ್ತರ ಕಣ್ಲಾ! ವೈರು ಅದ್ಲುಬದ್ಲು ಮಾಡು!

ಪುಟ್ಟಮಾದ ಸ್ಕ್ರೂಡ್ರೈವರ್ ಎತ್ತಿದ. ಚಿಕ್ಕತಾಯಮ್ಮ ಮುಖ ಒರೆಸುವುದನ್ನೂ ಮರೆತು, ಹಾರಿಹೋಗುತ್ತಿದ್ದ ಕೋಳಿ ಪುಕ್ಕವನ್ನೇ ನೋಡುತ್ತಿದ್ದಳು. ಪುಕ್ಕ ಬೇಲಿ ದಾಟಿತು. ಬೇಲಿಯಾಚೆ ಕಣದಲ್ಲಿ ಒಕ್ಕಿದ ರಾಗಿ ಹೊಟ್ಟಿನ ಸಮೇತ ಬಿದ್ದಿತ್ತು. ತೂರಲು ಗಾಳಿಯಿಲ್ಲ, ಮೇಲೆ ಮೋಡ ಬೇರೆ.

ಚಿಕ್ಕತಾಯಮ್ಮ: ಮುಟ್ಟಿದ್ರ ಕೈ ಮುರ್ದೇನು, ಮಾದ! ಅದು ಸರಿಯಾಗೇ ಅದ.

ಮಲ್ಲಯ್ಯ: ಏನಮ್ಮಿ ಸರಿ?

ಚಿಕ್ಕತಾಯಮ್ಮ: ಅಮಾಸೆಯಿಂದ ಗಾಳಿ ಕೊಡಪ್ಪಾ ಅಂತ ಮಾದೇಸ್ವರನ್ನ ಕೂಗ್ತಾ ಇವ್ನಿ. ಕಳುಸವ್ನ, ನಿನ್ನ ಲಾರಿ ಮೂತಿಲಿ. ಕಣಕ್ಕ ತಗ.

ಮಲ್ಲಯ್ಯ: ನಾಳ ಲೋಡದ! ಇದು ರೇಡಿಯೇಟ್ರು ಫ್ಯಾನು, ನಿಮ್ಮವ್ವನ ಮೊರ ಅಲ್ಲ!

ಚಿಕ್ಕತಾಯಮ್ಮ: ಮೊರನೇ ಫ್ಯಾನು ಅಂದೋನು ನೀನು. ಈಗ ಫ್ಯಾನೇ ಮೊರ. ಮಳ ಬಂದು ರಾಗಿ ಮೊಳ್ತೋದ್ರ, ವರ್ಸೆಲ್ಲ ಡೀಸಲ್ನಲ್ಲೇ ಮುದ್ದ ತಿರುವ್ಕ.

ಲಾರಿ ಕಣದ ಅಂಚಿಗೆ ಬಂತು.

ಚಿಕ್ಕತಾಯಮ್ಮ: ನಿಲ್ಸು! ಎಕ್ಕಡ ಆಕ್ಕಂಡು ಕಣ ತುಳೀತೀಯ?

ಮಲ್ಲಯ್ಯ: ಬರಿಗಾಲಲ್ಲೇ ಇವ್ನಿ!

ಚಿಕ್ಕತಾಯಮ್ಮ: ನೀನಲ್ಲ, ಲಾರಿ. ಟೈರು ಅದ್ರ ಎಕ್ಕಡ ಅಲ್ವಾ? ತೊಳಿ.

ಮಲ್ಲಯ್ಯ: ಇನ್ನು ಅದ್ಕ ಈಬೂತಿನೂ ಬಳೀಬೇಕಾ, ಮುಂ—

ಚಿಕ್ಕತಾಯಮ್ಮ: ಉಸ್ಸ್! ಕಣದಲ್ಲಿ ಬಯ್ದ್ರ ರಾಸಿ ತಗ್ತದ!

ಬೈಗುಳವಿಲ್ಲದೆ ಮಲ್ಲಯ್ಯನಿಗೆ ಗೇರು ಬದಲಿಸಲೂ ಬಾರದು. ಹಲ್ಲು ಕಚ್ಚಿಕೊಂಡು ಟೈರು ತೊಳೆದ. ಹಲ್ಲು ಕಚ್ಚಿಕೊಂಡೇ ಸ್ವಿಚ್ಚು ಹಾಕಿದ. ಚಿಕ್ಕತಾಯಮ್ಮ ಮೊರ ಎತ್ತಿ ಸುರಿದಳು. ಕಾಳು ಕಾಲಬುಡಕ್ಕೆ ಬಿತ್ತು, ಹೊಟ್ಟು ಮುಂದಕ್ಕೆ ಹಾರಿತು. ಸಂಜೆಗೆ ಮುಂಚೆಯೇ ರಾಗಿ ಮೂಟೆ ಸೇರಿ, ಕಣದಲ್ಲಿ ಹೊಟ್ಟಿನದೊಂದು ಗುಡ್ಡ ಉಳಿಯಿತು. ಅಲ್ಲಿಯವರೆಗೆ ನುಂಗಿದ್ದ ಸಿಟ್ಟನ್ನೆಲ್ಲ ಮಲ್ಲಯ್ಯ ಆಕ್ಸಿಲರೇಟರಿನ ಮೇಲೆ ತೋರಿಸಿದ. ಲಾರಿ ಮುಂದಕ್ಕೆ ನುಗ್ಗಿ, ಗುಡ್ಡಕ್ಕೆ ಮೂತಿ ಇಟ್ಟು ನಿಂತಿತು.

ಮಲ್ಲಯ್ಯ: ಮಾದ, ವೈರು ಬದ್ಲಾಯ್ಸು.

ಪುಟ್ಟಮಾದ: ಲಾರಿ ಇಂದಕ ತಗಣ್ಣ, ಆಮೇಲ—

ಮಲ್ಲಯ್ಯ: ಟೈರು ತೊಳ್ಸೋಕ ಅವ್ಳು, ಬುದ್ಧಿ ಯೋಳೋಕ ನೀನು! ಬಾಯ್ಮುಚ್ಕಂಡು ಬದ್ಲಾಯ್ಸು!

ಪುಟ್ಟಮಾದ ಬಾಯಿ ಮುಚ್ಚಿಕೊಂಡೇ ಬದಲಾಯಿಸಿದ. ಮಲ್ಲಯ್ಯ ಸ್ವಿಚ್ಚು ಹಾಕಿದ. ಫ್ಯಾನು ಈಗ ಸರಿಯಾಗಿ ಒಳಕ್ಕೆ ಎಳೆಯಿತು. ಗಾಳಿಯ ಜತೆಗೆ ಅರ್ಧ ಗುಡ್ಡವನ್ನೂ ಎಳೆಯಿತು. ರೇಡಿಯೇಟರಿನ ಸಂದಿಸಂದಿಯಲ್ಲೂ ಹೊಟ್ಟು ಗಿಡಿದುಕೊಂಡಿತು.

ಮಲ್ಲಯ್ಯ: ನಿಮ್ಮ ವಂಸ... (ಮೂಟೆಗಳ ಕಡೆ ನೋಡಿ, ಉಗುಳು ನುಂಗಿ) ನಿಮ್ಮ ವಂಸ ತಣ್ಗಿರ್ಲಿ!

ಚಿಕ್ಕತಾಯಮ್ಮ: ಯಾಕ ಒದ್ದಾಡೀಯ? ಎತ್ತೂ ಒಟ್ಟು ತಿಂದೇ ಏರು ಅತ್ತೋದು. ನಾಳ ದಿಂಬಂ ಅತ್ತತದ ಬುಡು.

ಮಲ್ಲಯ್ಯ: ಇದ್ನ ಈಗ ತಗಿಯೋದು ಎಂಗ್ಲಾ ಮಾದ?

ಪುಟ್ಟಮಾದ ಬಾಯಿ ಮುಚ್ಚಿಕೊಂಡೇ ಇದ್ದ.

ಮಲ್ಲಯ್ಯ: ಬಾಯ್ಬುಡ್ಲಾ!

ಪುಟ್ಟಮಾದ: ಒಳಕ್ಕ ಎಳ್ದದ್ದ ಈಚ್ಗ ಉಗೀಬೇಕು ಅಂದ್ರ, ನಾನು ಬೆಳಗ್ಗ ಕೊಟ್ಟಿದ್ದ ಕನೆಕ್ಷನ್ನೇ ಸರಿ ಕಣಣ್ಣ.

ಮಲ್ಲಯ್ಯ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಚಿಕ್ಕತಾಯಮ್ಮ ಪಕ್ಕದ ಮನೆಯತ್ತ ತಿರುಗಿ ಗಂಟಲು ಸರಿಮಾಡಿಕೊಂಡಳು.

ಚಿಕ್ಕತಾಯಮ್ಮ: ಮಂಗಳಮ್ಮಾ! ಗಾಳಿ ಇನ್ನೊಂದ್ಸಲ ತಿರುಗ್ತದ, ನಿಮ್ಮ ರಾಗಿನೂ ಒತ್ಕಂಡು ಬಾ! ಎದ್ರಬ್ಯಾಡ ಕಣಮ್ಮಿ, ಕಣದಲ್ಲಿ ನಮ್ಮೋರು ಬಯ್ಯದಿಲ್ಲ!