ಬಾಲವಿಲ್ಲದ ಅಕ್ಷರ

ಬೋರ್ಡು ಬರೆಯುವವನು ಹೊಸ ಅಕ್ಷರ ಕಂಡುಹಿಡಿದದ್ದು ಅಡುಗೆಮನೆಯಲ್ಲಿ. ಡಬ್ಬದ ಮುಚ್ಚಳ ಇಟ್ಟು ವೃತ್ತ ಎಳೆದ, ಸ್ಕೇಲು ಇಟ್ಟು ಗೆರೆ ಎಳೆದ, ಅಷ್ಟೇ. ಕೊಂಬಿಲ್ಲ, ಬಾಲವಿಲ್ಲ, ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳು ಎಂಬ ಭೇದವಿಲ್ಲ. ಮುಂದಿನ ಕಾಲದ ಲೋಕವೆಲ್ಲ ಇದರಲ್ಲೇ ಓದುತ್ತದೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಳುಕುವ ಹಳೆಯ ಅಕ್ಷರಗಳನ್ನು ಇನ್ನು ಮೇಲೆ ಕುಂಚದ ತುದಿಯಿಂದಲೂ ಮುಟ್ಟುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಮಾಡಿದ.

"ಮುಚ್ಚಳ ತೊಳೆದಿಡಿ" ಎಂದಳು ಅವಳು.

ಮೊದಲ ಬೋರ್ಡು ಮಾವನ ಹೊಲಿಗೆ ಅಂಗಡಿಗೆ. ಬೆಳಿಗ್ಗೆ ಅದು ಮೇಲೇರಿದಾಗ ಮಾವ ರಸ್ತೆಯಾಚೆ ನಿಂತು ಬಹಳ ಹೊತ್ತು ನೋಡಿದರು.

"ಅಳಿಯಂದಿರೇ, ಇದರಲ್ಲಿ ಅಂಗಡಿ ಹೆಸರು ಎಲ್ಲಿದೆ?"

"ಪೂರ್ತಿ ಅದೇ, ಮಾವ."

"ನಂಗೆ ಬರೀ ಗುಂಡಿಗಳು ಕಾಣ್ತಿವೆ. ಆಗ್ಲಿ, ಸಂಜೆಯೊಳಗೆ ಈ ಬೋರ್ಡು ನೋಡಿ ಒಬ್ಬರಾದ್ರೂ ಒಳಗೆ ಬಂದ್ರೆ ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ. ಇಲ್ಲಾಂದ್ರೆ ನಾಳೆಯಿಂದ ನನ್ನ ಪಕ್ಕ ಕೂತು ಅಂಗಿಗೆ ಗುಂಡಿ ಹೊಲೀಬೇಕು."

ಅಳಿಯ ಎದೆಯುಬ್ಬಿಸಿ ಒಪ್ಪಿದ. ಸೋಲುವ ಮಾತೇ ಅವನ ತಲೆಗೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಬೋರ್ಡಿನ ಕೆಳಗೆ ಜನ ಸೇರಿದರು. ಗಡಿಯಾರ ರಿಪೇರಿಯವನು ಇದು ಯಾವುದೋ ಯಂತ್ರದ ಬಿಡಿಭಾಗದ ಅಂಗಡಿ ಎಂದ. ಕ್ಷೌರದವನು ಅರ್ಧ ಕೆನ್ನೆಗೆ ನೊರೆ ಹಚ್ಚಿದ ಗಿರಾಕಿಯನ್ನೂ ಎಳೆದುಕೊಂಡು ಬಂದು, "ರಾಕೆಟ್ ಬಿಡೋರ ಆಫೀಸು, ಅನುಮಾನವೇ ಬೇಡ" ಎಂದ. ಎದುರಿನ ಕನ್ನಡಕದಂಗಡಿಯ ಯಜಮಾನರು ಮಾತ್ರ ಮೆಲ್ಲಗೆ ಬಂದು ಒಬ್ಬೊಬ್ಬರನ್ನೇ ವಿಚಾರಿಸಿಕೊಂಡರು.

"ಓದಕ್ಕೆ ಆಗ್ತಿಲ್ವಾ? ಎಷ್ಟು ದಿನದಿಂದ ಹೀಗೆ?"

ಜನ ಗಾಬರಿಯಾಗಿ ಅವರ ಹಿಂದೆಯೇ ಹೋದರು. ನೊರೆಯವನೂ ಹೋದ.

ಬೋರ್ಡು ಬರೆಯುವವನು ಸ್ಟೂಲು ಹತ್ತಿ, ಕೋಲು ಹಿಡಿದು, ಒಂದೊಂದೇ ಅಕ್ಷರ ತೋರಿಸುತ್ತ ಉಳಿದವರಿಗೆ ಪಾಠ ಶುರು ಮಾಡಿದ. ಹೂವು ಮಾರುವ ಅಜ್ಜಿ ಸ್ವಲ್ಪ ಕೇಳಿಸಿಕೊಂಡು, "ನೀನೇ ಪಕ್ಕದಲ್ಲಿ ನಿಂತು ಹೇಳೋದಾದ್ರೆ ಬೋರ್ಡು ಯಾಕಪ್ಪ?" ಎಂದಳು.

ಮಧ್ಯಾಹ್ನ, ಹರಿದ ಪ್ಯಾಂಟನ್ನು ಚೀಲದಿಂದ ಮರೆಮಾಡಿಕೊಂಡು ಒಬ್ಬ ನೇರ ಒಳಗೆ ನುಗ್ಗಿದ. ಅಳಿಯನ ಮುಖ ಅರಳಿತು.

"ಬೋರ್ಡು ನೋಡಿ ಬಂದ್ರಾ?"

"ಯಾವ ಬೋರ್ಡು? ಮಿಷನ್ ಸದ್ದು ಕೇಳಿ ಬಂದೆ."

ಮಾವ ಸೂಜಿಗೆ ದಾರ ಪೋಣಿಸಿಟ್ಟು, ಪಕ್ಕದ ಸ್ಟೂಲಿನ ಧೂಳು ಒರೆಸಿದರು.

ಬೀದಿ ದೀಪ ಹತ್ತುವ ಹೊತ್ತಿಗೆ ಕನ್ನಡಕದಂಗಡಿಯ ಯಜಮಾನರು ಹೊಸ್ತಿಲು ದಾಟಿ ಒಳಗೆ ಬಂದರು. "ನಿಮ್ಮ ಬೋರ್ಡು ನೋಡ್ಕೊಂಡೇ ಬಂದೆ" ಎಂದರು.

"ಮಾವ, ಕೇಳಿಸ್ಕೊಂಡ್ರಾ?"

"ಕೇಳಿಸ್ತು. ಮಾತು ಅಂದ್ರೆ ಮಾತು, ನೀವೇ ಗೆದ್ರಿ" ಎಂದು ಮಾವ ಸೂಜಿ ಎತ್ತಿಟ್ಟರು.

"ಇವತ್ತಿನಷ್ಟು ವ್ಯಾಪಾರ ನಂಗೆ ಎಂದೂ ಆಗಿಲ್ಲ" ಎಂದರು ಯಜಮಾನರು. "ಈ ಬೋರ್ಡು ನಂಗೇ ಬೇಕು. ಕಣ್ಣು ಪರೀಕ್ಷೆ ಮಾಡೋ ಕೋಣೆ ಗೋಡೆಗೆ ಹಾಕ್ತೀನಿ. ಆಮೇಲೆ ಹೊರಗಡೆಗೂ ಒಂದು ದೊಡ್ಡ ಬೋರ್ಡು ನಿಮ್ಮ ಕೈಯಿಂದಲೇ ಆಗ್ಬೇಕು."

ಬೋರ್ಡು ಬರೆಯುವವನು ಹೆಮ್ಮೆಯಿಂದ ಚೀಲಕ್ಕೆ ಕೈಹಾಕಿ ಮುಚ್ಚಳ ಹೊರತೆಗೆದ.

"ಅದು ಬೇಡ" ಎಂದರು ಯಜಮಾನರು. "ಹೊರಗಿನದನ್ನ ಜನ ಓದ್ಬೇಕಲ್ಲ. ಹಳೇ ಅಕ್ಷರದಲ್ಲೇ ಬರೀರಿ. ಬಾಲ ಸ್ವಲ್ಪ ಉದ್ದಕ್ಕೇ ಇರ್ಲಿ."

"ಹಾಗೇ ನಮ್ದೂ ಒಂದು, ಅಳಿಯಂದಿರೇ" ಎಂದರು ಮಾವ.