ಬೇಯಿಸಿದ ಸ್ವೆಟರ್

ಸದಾಶಿವಯ್ಯನವರು ಗುರುವಾರ ಮಧ್ಯಾಹ್ನ ತೀರಿಕೊಂಡರು. ಊಟಕ್ಕೆ ಮೊದಲು ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದು ಹೇಳಿ, ಕೈ ತೊಳೆದುಕೊಂಡು ಹೋದರು.

ಅಗ್ರಹಾರದ ಆ ಬೀದಿಯಲ್ಲಿ ಎದುರು ಮನೆಯವರು ನಂಜುಂಡಸ್ವಾಮಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು. ಸಾವಿನ ಬಗ್ಗೆ ದೊಡ್ಡವರು ಬರೆದದ್ದನ್ನೆಲ್ಲ ಓದಿದವರು, ಓದಿಸಿದವರು. ಆ ಹೊತ್ತಿಗೆ ಅದರಲ್ಲಿ ಒಂದು ಸಾಲೂ ಕೈಗೆ ಸಿಗಲಿಲ್ಲ. ನೆಂಟರು ಯಾರೋ, ಇಷ್ಟು ವರ್ಷದ ಸ್ನೇಹಿತರು ನೀವು, ಅವರ ಬಗ್ಗೆ ನಾಲ್ಕು ಮಾತು ಹೇಳಿ ಎಂದಾಗ ಮೇಷ್ಟ್ರ ಕಣ್ಣ ಮುಂದೆ ಬಂದು ನಿಂತದ್ದು ಒಂದು ಸ್ವೆಟರ್. ಹೆಣದ ಮುಂದೆ ಅವರಿಗೆ ನಗು ಬಂತು. ಕೆಮ್ಮಿದಂತೆ ನಟಿಸಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಕೂತ ಮೇಲೆ ತಾವು ನಗುತ್ತಿದ್ದೇವೋ ಅಳುತ್ತಿದ್ದೇವೋ ಅವರಿಗೇ ತಿಳಿಯಲಿಲ್ಲ.

ಅರವತ್ತೆರಡನೆಯ ಇಸವಿಯ ಕೊನೆಯ ತಿಂಗಳು ಅದು. ಚೀನಾ ಗಡಿಯಲ್ಲಿ ಕಾಳಗ ನಿಂತಿದೆಯೆಂದು ರೇಡಿಯೋ ಹೇಳಿತ್ತು. ಚಳಿ ನಿಂತಿದೆಯೆಂದು ಹೇಳಿರಲಿಲ್ಲ. ಹಿಮವನ್ನು ಕ್ಯಾಲೆಂಡರಿನ ಶಿವನ ಹಿಂದೆ ಬಿಟ್ಟು ಬೇರೆಲ್ಲೂ ಕಾಣದ ಮೈಸೂರಿನ ಹೆಂಗಸರು ಕಡ್ಡಿ ಹಿಡಿದು ಉಣ್ಣೆಯ ಮೇಲೆ ದಂಡೆತ್ತಿ ಹೋದರು. ಜಗಲಿಯಲ್ಲಿ ಹೆಣಿಗೆ, ಬಸ್ಸಿನಲ್ಲಿ ಹೆಣಿಗೆ, ಹರಿಕಥೆ ಕೇಳುತ್ತಲೂ ಹೆಣಿಗೆ. ದಾಸರು ಮಂಗಳ ಹಾಡುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಒಂದು ಕಾಲುಚೀಲ ಮುಗಿದಿರುತ್ತಿತ್ತು.

ಬೀದಿಯ ಮಹಿಳಾ ಸಮಾಜಕ್ಕೆ ಮಹದೇವಮ್ಮನವರು ಕಾರ್ಯದರ್ಶಿ. ಉಣ್ಣೆ ಹಂಚಿದವರು ಅವರೇ, ಕಟ್ಟಳೆ ಮಾಡಿದವರೂ ಅವರೇ. ಯಾರೂ ತಮ್ಮ ಮಗನಿಗೆ, ಗಂಡನಿಗೆ ಎಂದು ಹೆಸರು ಬರೆದು ಕಳಿಸುವ ಹಾಗಿಲ್ಲ. ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಗಡಿಯ ಸೈನಿಕರಿಗೆ ಹೋಗಬೇಕು, ಯಾರ ಕೈಗೆ ಯಾವುದು ಬರುತ್ತದೋ ಅದು ಅವರದು.

ಸದಾಶಿವಯ್ಯನವರ ಹೆಂಡತಿ ಗಿರಿಜಾಂಬಾ ಇದನ್ನು ಒಪ್ಪಿದರು, ಆದರೆ ತಮ್ಮದೇ ರೀತಿಯಲ್ಲಿ. ಅವರ ಒಬ್ಬನೇ ಮಗ ಮಹದೇವು ಸೈನ್ಯದಲ್ಲಿದ್ದ. ಎಲ್ಲಿದ್ದಾನೆಂದು ಯಾರೂ ಹೇಳುವವರಿಲ್ಲ. ತಾನು ಹೆಣೆದ ಸ್ವೆಟರ್ ಬೇರೆ ಯಾರ ಮಗನಿಗೋ ಹೋಗಲಿ, ಬೇರೆ ಯಾರೋ ತಾಯಿ ಹಾಕಿದ್ದು ತನ್ನ ಮಗನಿಗೆ ಬರುತ್ತದೆ. ಆದರೆ ತನ್ನದು ಪೆಟ್ಟಿಗೆಗೆ ಹೋಗದಿದ್ದರೆ ಅವನಿಗೂ ಬರುವುದಿಲ್ಲ. ಇದು ಅವರ ನಂಬಿಕೆ. ಮಗನ ಎದೆಯಳತೆಯನ್ನು ನೆನಪಿನಿಂದಲೇ ಹಿಡಿದು, ತೋಳಿಲ್ಲದ ಒಂದು ಸ್ವೆಟರ್ ಮುಗಿಸಿ, ಟ್ರಂಕಿನಲ್ಲಿಟ್ಟು, ತಂಗಿಯ ಮಗಳ ಸೀಮಂತಕ್ಕೆಂದು ನಂಜನಗೂಡಿಗೆ ಹೋದರು.

ಅವರ ಬಸ್ಸು ಊರು ದಾಟುವ ಮೊದಲೇ ಸದಾಶಿವಯ್ಯನವರು ಟ್ರಂಕು ತೆಗೆದಿದ್ದರು. ಸ್ವೆಟರನ್ನು ಕತ್ತಿಗೆ ಒತ್ತಿಕೊಂಡು ನೋಡಿದರು. ಚುಚ್ಚಿತು. ಮೇಷ್ಟ್ರನ್ನು ಕರೆಸಿ ಅವರ ಕತ್ತಿಗೂ ಒತ್ತಿದರು. ಅಲ್ಲೂ ಚುಚ್ಚಿತು.

ಸದಾಶಿವಯ್ಯನವರು ರೇಷ್ಮೆ ಕಾರ್ಖಾನೆಯಲ್ಲಿ ನೂಲು ಕುದಿಸುವ ವಿಭಾಗದ ಯಜಮಾನಿಕೆ ಮಾಡಿ ನಿವೃತ್ತರಾದವರು. ಲೋಕದಲ್ಲಿ ಬಿರುಸಾದದ್ದು ಯಾವುದೇ ಇರಲಿ, ಅದನ್ನು ಕುದಿಸಿಲ್ಲ, ಅದಕ್ಕೇ ಹಾಗಿದೆ ಎಂಬುದು ಅವರ ಸಿದ್ಧಾಂತ.

"ಹುಳದಿಂದ ಬಂದಾಗ ರೇಷ್ಮೆನೂ ಹಿಂಗೇ ಮೇಷ್ಟ್ರೇ. ಮೈಮೇಲೆ ಅಂಟಿರ್ತದೆ. ಸೋಪಿನ ನೀರಲ್ಲಿ ಕುದಿಸಿಬುಟ್ರೆ ಅಂಟು ಬಿಟ್ಟು ಬೆಣ್ಣೆ ಆಗ್ತದೆ. ಎಷ್ಟು ಮದುವಣಗಿತ್ತಿಯರ ಸೀರೆ ಕುದಿಸಿದ ಕೈ ಇದು. ಒಂದು ಸ್ವೆಟರ್ ಯಾವ ಮಹಾ?"

ಕುರಿ ಹುಳುವಲ್ಲವಲ್ಲ ಎಂಬ ಸಂದೇಹ ಮೇಷ್ಟ್ರಿಗೆ ಬಂದದ್ದುಂಟು. ಆದರೆ ಅವರು ಓದಿದ ಯಾವ ಕಾವ್ಯದಲ್ಲೂ ಕುರಿಯ ತುಪ್ಪಟದ ವಿಚಾರ ಇರಲಿಲ್ಲವಾಗಿ ಸುಮ್ಮನಾದರು.

ಬಚ್ಚಲಿನ ತಾಮ್ರದ ಹಂಡೆಯಲ್ಲಿ ನೀರು ಕೊತಕೊತ ಕುದಿಯಿತು. ಸೋಪು ಬಿತ್ತು, ಒಂದು ಹಿಡಿ ಸೋಡ ಬಿತ್ತು, ಸ್ವೆಟರ್ ಬಿತ್ತು. ಸದಾಶಿವಯ್ಯನವರು ಪಂಚೆ ಎತ್ತಿ ಕಟ್ಟಿ, ದೊಣ್ಣೆ ಹಿಡಿದು, ಸಮುದ್ರಮಥನಕ್ಕೆ ನಿಂತರು. ಬಹಳ ಹೊತ್ತಿನ ಮೇಲೆ ದೊಣ್ಣೆಯ ತುದಿಯಲ್ಲಿ ಏನೋ ಒಂದು ಎದ್ದುಬಂತು. ಹಸಿರಾಗಿತ್ತು, ದಪ್ಪನಾಗಿತ್ತು, ಕಂಬಳಿಯ ತುಂಡಿನಂತೆ ಬಿಗಿಯಾಗಿತ್ತು. ಅಂಗೈಯಗಲದ ಎರಡು ಕಂಕುಳು, ನಿಂಬೆಹಣ್ಣು ತೂರಬಹುದಾದ ಒಂದು ಕುತ್ತಿಗೆ.

"ಮಿಕ್ಕಿದ್ದು ಒಳಗೇ ಇರಬೇಕು," ಎಂದರು ಮೇಷ್ಟ್ರು. ಇಬ್ಬರೂ ಹಂಡೆಯ ಸುತ್ತ ಬಗ್ಗಿ, ಉಳಿದ ಸ್ವೆಟರಿಗಾಗಿ ತಳದವರೆಗೂ ಹುಡುಕಿದರು. ನೊರೆ ಬಿಟ್ಟರೆ ಏನೂ ಸಿಗಲಿಲ್ಲ.

ಇನ್ನು ಎಳೆದು ಸರಿಮಾಡುವುದೆಂದು ತೀರ್ಮಾನವಾಯಿತು. ಗೋಡೆಯ ಗೂಟಕ್ಕೆ ಅದನ್ನು ಸಿಕ್ಕಿಸಿ, ಕೆಳಗಿನ ಅಂಚಿಗೆ ಹಗ್ಗ ಕಟ್ಟಿ ರುಬ್ಬುವ ಗುಂಡನ್ನು ತೂಗುಬಿಟ್ಟರು. ಸ್ವೆಟರ್ ಕೂದಲೆಳೆಯಷ್ಟೂ ಜಗ್ಗಲಿಲ್ಲ. ಗೂಟವೇ ಗಾರೆಸಮೇತ ಕಿತ್ತು ಬಂತು. ಗುಂಡು ಗಿರಿಜಾಂಬಾ ಅವರ ತವರಿನ ಕೊಡದ ಮೇಲೆ ಬಿದ್ದು ಅದರ ಸೊಂಟ ಮುರಿಯಿತು. ಮುಚ್ಚಿಡಬೇಕಾದದ್ದು ಒಂದಿದ್ದದ್ದು ಮೂರಾಯಿತು. ಗೋಡೆಯ ತೂತಿಗೆ ಕ್ಯಾಲೆಂಡರು ನೇತುಹಾಕಿದರು, ಕೊಡವನ್ನು ಅಟ್ಟಕ್ಕೆ ಹಾಕಿದರು. ಸ್ವೆಟರ್ ಮಾತ್ರ ಮೇಷ್ಟ್ರ ಪುಸ್ತಕದ ಬೀರುವಿಗೆ ಹೋಗಿ ವ್ಯಾಕರಣ ಗ್ರಂಥಗಳ ಹಿಂದೆ ತಲೆಮರೆಸಿಕೊಂಡಿತು. ಆ ಪುಸ್ತಕಗಳನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲವೆಂಬುದು ಮೇಷ್ಟ್ರ ಧೈರ್ಯ.

ಪೆಟ್ಟಿಗೆ ಹೊರಡುವುದು ಶನಿವಾರ. ಅದರೊಳಗೆ ಅದೇ ಬಣ್ಣದ್ದು ಇನ್ನೊಂದು ಟ್ರಂಕಿಗೆ ಹೋಗಬೇಕು. ಉಣ್ಣೆ ಇದ್ದದ್ದು ಮಹದೇವಮ್ಮನವರ ಹತ್ತಿರ. ಸದಾಶಿವಯ್ಯನವರು ಹೋಗಿ ಕೇಳಿದರು. ಯಾಕೆಂದು ಆಕೆ ಕೇಳುತ್ತಾರೆಂದು ಯೋಚಿಸಿರಲಿಲ್ಲ. ಕೇಳಿಯೇಬಿಟ್ಟಾಗ ಬಾಯಿಗೆ ಬಂದದ್ದು, ಈ ಸಲ ನಾನೇ ಒಂದು ಹಾಕೋಣ ಅಂತ, ಎಂಬ ಮಾತು. ಮಹದೇವಮ್ಮನವರ ಕಣ್ಣು ತುಂಬಿಬಂತು. ಸಂಜೆ ಸಮಾಜದ ಸಭೆಯಲ್ಲಿ, ನಮ್ಮ ಬೀದಿಯ ಹಿರಿಯ ಗಂಡಸರೊಬ್ಬರು ಯೋಧರಿಗಾಗಿ ಕಡ್ಡಿ ಹಿಡಿದಿದ್ದಾರೆ, ಶನಿವಾರ ತಮ್ಮ ಕೈಯಾರೆ ಪೆಟ್ಟಿಗೆಗೆ ಹಾಕುತ್ತಾರೆ ಎಂದು ಸಾರಿದರು. ಚಪ್ಪಾಳೆಯೂ ಆಯಿತಂತೆ.

ಮೇಷ್ಟ್ರಿಗೆ ತಲೆ ಕೆಟ್ಟುಹೋಯಿತು. "ನಿಮ್ಮ ಮನೆಯವರದ್ದು ಒಂದು, ನಿಮ್ಮದು ಒಂದು. ಈಗ ಎರಡು ಬೇಕಲ್ರೀ. ಇರೋದು ಸೊನ್ನೆ."

"ಮೊದಲು ಒಂದು ಆಗ್ಲಿ ಮೇಷ್ಟ್ರೇ. ಒಂದಾದ ಮೇಲೆ ಅದು ಯಾರದ್ದು ಅಂತ ಜಗಳ ಆಡುವಾ."

ಗಿರಿಜಾಂಬಾ ನಂಜನಗೂಡಿನಿಂದ ಬಂದರು. ಮೇಷ್ಟ್ರ ಮನೆಯ ಮುಂಗೋಣೆಯ ಬಾಗಿಲು ಮುಚ್ಚಿತು. ಗಂಭೀರವಾದ ಕಾವ್ಯವಾಚನ ನಡೆಯುತ್ತಿದೆ ಎಂದು ಬೀದಿಗೆ ತಿಳಿಸಲಾಯಿತು. ಮೇಷ್ಟ್ರ ಹೆಂಡತಿ ಚಂದ್ರಮತಿ ಹೆಣಿಗೆ ಹೇಳಿಕೊಡಲು ಒಪ್ಪಿದರು, ಯಾರಿಗೂ ಹೇಳುವುದಿಲ್ಲವೆಂದು ದೇವರ ಮನೆಯಲ್ಲಿ ನಿಂತು ಮಾತುಕೊಟ್ಟರು. ಕಡ್ಡಿಯನ್ನು ಮುಂದಿನಿಂದ ಚುಚ್ಚಿದರೆ ಒಂದು ಬಗೆ, ಹಿಂದಿನಿಂದ ತಿರುಗಿಸಿದರೆ ಇನ್ನೊಂದು. ಇಷ್ಟೇ ವಿದ್ಯೆ. ಇಷ್ಟು ಸದಾಶಿವಯ್ಯನವರ ತಲೆಗೆ ಹತ್ತಲಿಲ್ಲ. ಎರಡು ದಿನದಲ್ಲಿ ಚಂದ್ರಮತಿ ಕೈಚೆಲ್ಲಿ ಒಳಗೆ ಹೋದರು. ಆಗ ಮೇಷ್ಟ್ರಿಗೆ ಪ್ರತಿಭೆ ಹೊಳೆಯಿತು. ಮುಂದಿನದು ಲಘು, ಹಿಂದಿನದು ಗುರು.

ಅಂದಿನಿಂದ ಮುಚ್ಚಿದ ಬಾಗಿಲ ಹಿಂದೆ ಮೇಷ್ಟ್ರು, ಲಘು ಲಘು ಗುರು ಗುರು ಎಂದು ಪ್ರಸ್ತಾರ ಹಾಕುತ್ತಿದ್ದರು, ಸದಾಶಿವಯ್ಯನವರು ನಾಲಗೆ ಕಚ್ಚಿಕೊಂಡು ಹೆಣೆಯುತ್ತಿದ್ದರು. ಮಧ್ಯೆ ಮೇಷ್ಟ್ರಿಗೆ ಕಣ್ಣೆಳೆದರೆ ಗಣ ತಪ್ಪುತ್ತಿತ್ತು. ಎಚ್ಚರಾದ ಮೇಲೆ ಎಲ್ಲಿ ಬಿಟ್ಟೆವೆಂದು ಇಬ್ಬರಿಗೂ ತಿಳಿಯದೆ ಅಂದಾಜಿನ ಮೇಲೆ ಮುಂದುವರಿಯುತ್ತಿದ್ದರು. ಬೆನ್ನು ಎದೆಗಿಂತ ಒಂದು ಗೇಣು ಉದ್ದವಾಯಿತು. ಸೈನಿಕ ಬಗ್ಗಿದಾಗ ಸೊಂಟಕ್ಕೆ ಗಾಳಿ ಹೊಡೆಯಬಾರದು, ಅದಕ್ಕೇ ಹಾಗೆ, ಎಂದರು ಸದಾಶಿವಯ್ಯನವರು.

ಆ ಗುರುವಾರ ಬೆಳಿಗ್ಗೆ ಸ್ವೆಟರ್ ಮುಗಿಯಿತು. ಸದಾಶಿವಯ್ಯನವರು ತಾವೇ ಹಾಕಿಕೊಂಡು ನೋಡುತ್ತೇನೆಂದರು. ತೋಳು ತೂರಿದವು. ತಲೆ ಒಳಕ್ಕೆ ಹೋಯಿತು, ಮೇಲಕ್ಕೆ ಬರಲಿಲ್ಲ. ಗಾಳಿ ನುಗ್ಗದಿರಲೆಂದು ಕುತ್ತಿಗೆಯನ್ನು ಅಷ್ಟು ಬಿಗಿಯಾಗಿ ಮುಗಿಸಿದ್ದರು. ಮೇಷ್ಟ್ರು ಮೇಲಕ್ಕೆ ಎಳೆದರು, ಕೆಳಕ್ಕೆ ಎಳೆದರು. ಒಳಗಿನಿಂದ ಕೇಳಿಸಿದ್ದು ಒಂದೇ ಮಾತು:

"ಮೇಷ್ಟ್ರೇ, ಕಿವಿ. ಕಿವಿ."

ಆ ಹೊತ್ತಿಗೆ ಬಾಗಿಲು ತೆರೆಯಿತು. ಗಿರಿಜಾಂಬಾ ನಿಂತಿದ್ದರು. ಅವರ ಹಿಂದೆ ಚಂದ್ರಮತಿ, ಸೆರಗು ಬಾಯಿಗೆ ಒತ್ತಿಕೊಂಡು. ದೇವರ ಮನೆಯ ಮಾತು ಅಡಿಗೆಮನೆಯವರೆಗೂ ಬಾಳಿರಲಿಲ್ಲವೆಂದು ಮೇಷ್ಟ್ರಿಗೆ ಆಗ ಅರ್ಥವಾಯಿತು. ಗಿರಿಜಾಂಬಾ ಅವರಿಗೆ ಮೊದಲ ದಿನದಿಂದ ಎಲ್ಲ ಗೊತ್ತಿತ್ತು.

ಅವರು ಕೂಗಾಡಲಿಲ್ಲ. ಗಂಡನ ತಲೆಯನ್ನು ಸ್ವೆಟರಿನಿಂದ ಮೆಲ್ಲಗೆ ಬಿಡಿಸಿ, ಮನೆಗೆ ನಡೀರಿ ಎಂದರು. ಮೇಷ್ಟ್ರು ಬೀರುವಿನಿಂದ ಬೇಯಿಸಿದ ಸ್ವೆಟರನ್ನು ತೆಗೆದುಕೊಂಡು, ಅಪರಾಧಿಯಂತೆ ಹಿಂದೆ ನಡೆದರು. ಗಿರಿಜಾಂಬಾ ಅದನ್ನು ತೊಡೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದರು.

"ನಮ್ಮ ಮಹದೇವುಗೆ ನಾಲ್ಕು ವರ್ಷ ಇದ್ದಾಗ ಇದು ಸರಿಯಾಗ್ತಿತ್ತು," ಎಂದರು.

ಸದಾಶಿವಯ್ಯನವರು ಹೆಂಡತಿಯ ಮುಖ ನೋಡದೆ, "ಕತ್ತಿಗೆ ಚುಚ್ಚುತ್ತಿತ್ತು ಕಣೇ. ಅಲ್ಲಿ ಯಾರೂ ಕೇಳೋರಿರಲ್ಲ ಅಂತ," ಎಂದರು.

ಮುಂದಿನದು ಬೇಗ ಹೇಳಿಬಿಡಬಹುದು. ಶುಕ್ರವಾರ ಸದಾಶಿವಯ್ಯನವರನ್ನು ಮಣ್ಣು ಮಾಡಿ ಬಂದ ಸಂಜೆ ಗಿರಿಜಾಂಬಾ ಕಡ್ಡಿ ಹಿಡಿದು ಕೂತರು. ಇವತ್ತೊಂದು ದಿನ ಬೇಡ, ಉಳಿದದ್ದನ್ನು ನಾನು ಹಾಕುತ್ತೇನೆ ಎಂದು ಚಂದ್ರಮತಿ ಬೇಡಿಕೊಂಡರು. "ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಕಣಮ್ಮ. ಪೆಟ್ಟಿಗೆ ನಾಳೆ ಹೋಗ್ತದೆ," ಎಂದರು ಗಿರಿಜಾಂಬಾ. ಶನಿವಾರ ಮಹದೇವಮ್ಮನವರು ಆ ಒಂದು ಸ್ವೆಟರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟರು. ಇನ್ನೊಂದು ಎಲ್ಲಿ ಎಂದು ಕೇಳಲಿಲ್ಲ.

ಆದರೆ ಮೇಷ್ಟ್ರು ಜಗಲಿಯ ಮೇಲೆ ಕೂತು ಮತ್ತೆ ಮತ್ತೆ ನೋಡಿದ್ದು ಗುರುವಾರದ ಆ ಬೆಳಿಗ್ಗೆಯನ್ನು. ಗಿರಿಜಾಂಬಾ ಹೊಸ ಸ್ವೆಟರಿನ ಕುತ್ತಿಗೆ ಬಿಚ್ಚಿದರು. ಬೆನ್ನಿನ ಹೆಚ್ಚುವರಿ ಗೇಣನ್ನೂ ಬಿಚ್ಚಿದರು. ಗುಂಗುರು ಗುಂಗುರಾಗಿ ಉಣ್ಣೆ ರಾಶಿ ಬಿತ್ತು. ಮೂಲೆಯಲ್ಲಿ ಗೋಡೆಗೆ ಒರಗಿದ್ದ ಗಂಡನನ್ನು ನೋಡಿ, "ಏನ್ರೀ, ಸುಮ್ನೆ ಕೂತು ಏನ್ಮಾಡ್ತೀರಿ? ಕೈ ಮುಂದೆ ಹಿಡೀರಿ," ಎಂದರು. ಸದಾಶಿವಯ್ಯನವರು ಎರಡು ಕೈಯನ್ನೂ ಮುಂದೆ ಚಾಚಿದರು. ಆಕೆ ಎಳೆಯನ್ನೆಲ್ಲ ಅವರ ಕೈಗಳಿಗೆ ಸುತ್ತಿ ಹಾಕಿ, ಎದುರಿಗೆ ಕೂತು, ಒಂದು ತುದಿ ಹಿಡಿದು ಉಂಡೆ ಸುತ್ತತೊಡಗಿದರು. ಎಳೆ ಬಿಚ್ಚಿಕೊಂಡು ಹೋಗಲೆಂದು ಅವರು ಕೈಗಳನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ವಾಲಿಸುತ್ತಿದ್ದರು. ಬೆವರುತ್ತಿದ್ದರು. ಬಿಸಿಲಿಗೆ ಎಂದುಕೊಂಡರು ಮೇಷ್ಟ್ರು.

"ಇನ್ನು ಕೈ ಇಳಿಸ್ಲಾ?" ಎಂದು ಕೇಳಿದರು.

"ಇನ್ನೊಂದು ಸ್ವಲ್ಪ ಇದೆ. ಹಂಗೇ ಹಿಡ್ಕೊಳ್ಳಿ."

ಸದಾಶಿವಯ್ಯನವರು ಹಾಗೇ ಹಿಡಿದುಕೊಂಡರು.